ಅಣ್ಣನ ಕಾಂಟಾದ ಮೇಲೆ ಮಗಳ ಸೂಟ್‌ಕೇಸ್

ನನ್ನ ಮಗಳ ವಯಸ್ಸಿನ ಒಬ್ಬ ಹುಡುಗಿಯ ಜೊತೆ ನಾನು ಏರ್‌ಪೋರ್ಟಿನಲ್ಲಿ ನಿಂತು ಜಗಳ ಆಡಿದೆ. ಅದೂ ಮಗಳ ಎದುರಿಗೇ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥ ಸಂಗತಿಯೂ ಅಲ್ಲ.

ಜಗಳ ಯಾಕೆ ಅಂತೀರಾ? ಸೂಟ್‌ಕೇಸಿನ ತೂಕಕ್ಕೆ.

ನಮ್ಮ ಭಾಗ್ಯ ಕಳೆದ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿಗೆ ಹೋದಳು, ಎಂ.ಎಸ್ಸಿ. ಓದಲು. ವಿಷಯ ಬೆಳೆ ವಿಜ್ಞಾನ. ("ಒಕ್ಕಲುತನ ಕಲಿಯಾಕ ಅಷ್ಟ ದೂರ ಯಾಕ್ರಿ?" ಅಂತ ಜಹೀರಾಬಾದಿನ ನಮ್ಮ ಓಣಿಯಲ್ಲಿ ಕೇಳದವರೇ ಇಲ್ಲ.) ಹೋಗುವ ಒಂದು ತಿಂಗಳ ಮೊದಲೇ ನಮ್ಮ ಹಾಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ಬಂದವರೆಲ್ಲ ಏನಾದರೊಂದು ತರುತ್ತಿದ್ದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಉಪ್ಪಿನಕಾಯಿ, ಹಣೆಗೆ ಹಚ್ಚುವ ಈಬತ್ತಿ ಗಟ್ಟಿ. ಒಬ್ಬರು ಬೇಸಿಗೆಯ ಹಪ್ಪಳ ತಂದರು. ಇನ್ನೊಬ್ಬರು ಆ ಚಳಿಗೆ ಬೇಕಾಗುತ್ತದೆ ಅಂತ ಕಿವಿ ಮುಚ್ಚುವ ಟೋಪಿ ತಂದರು. ಅಂಥದೇ ಟೋಪಿ ಮತ್ತೆ ಮೂವರು ತಂದರು.

ಒಂದೊಂದು ಸೂಟ್‌ಕೇಸಿಗೆ ಇಪ್ಪತ್ಮೂರು ಕಿಲೋ. ಅದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಈ ಇಪ್ಪತ್ಮೂರು ಅನ್ನುವುದು ನಮ್ಮ ಮನೆಯಲ್ಲಿ ದೇವರ ನಾಮದ ಹಾಗೆ ಆಗಿಬಿಟ್ಟಿತ್ತು.

ಹೆಂಡತಿ ತಾಂಡೂರಿನವಳು. ಬೇಳೆ ಹಾಕುವುದಾದರೆ ತಾಂಡೂರಿನ ತೊಗರಿ ಬೇಳೆಯೇ ಹಾಕಬೇಕು ಅಂತ ಆಕೆಯ ಹಟ. ಅದರ ಜೊತೆ ಒಂದು ಕುಕ್ಕರ್. "ಎಲ್ಲಾ ಹಾಕೂಣು, ಆದ್ರ ಒಂದ ತೂಕದ ಮೆಷಿನ್ ತರ್ರಿ. ಕೈಯಾಗ ಹಿಡಕೊಂಡು ತೂಗೂದು ಬರ್ತದಲ್ಲ, ಅದು" ಅಂದಳು. ನಾನು ಆನ್‌ಲೈನಿನಲ್ಲಿ ಹುಡುಕುತ್ತ ಕೂತಿದ್ದಾಗ ನಾರಾಯಣಖೇಡದಿಂದ ಅಣ್ಣನ ಫೋನ್ ಬಂತು. ಮೆಷಿನ್ ಹುಡುಕುತ್ತಿದ್ದೇನೆ ಅಂದೆ.

"ಏ ಮಾಸ್ತರ, ಮನ್ಯಾಗ ಕಾಂಟಾ ಇಟ್ಕೊಂಡು ಬಜಾರದಾಗ ತೂಕದ ಮೆಷಿನ್ ಖರೀದಿ ಮಾಡ್ತಿ ಏನು? ನಾಕು ಮಂದಿ ಕೇಳಿದ್ರ ನಗ್ತಾರ."

ಅಣ್ಣನ ಪರಿಚಯ ಮಾಡಿಕೊಡಬೇಕು. ಖೇಡದಲ್ಲಿ ಅವನದು ಅಡತಿ ಅಂಗಡಿ. ಸುತ್ತಲಿನ ರೈತರು ತಂದ ತೊಗರಿ, ಹೆಸರು, ಕಡಲೆ ತೂಗಿ ಕೊಳ್ಳುತ್ತಾನೆ. ನಮ್ಮ ಅಪ್ಪ ಇಟ್ಟ ಅಂಗಡಿ ಅದು. ಅಪ್ಪನ ನಂತರ ಅಣ್ಣ ಕೂತ, ನಾನು ಓದಿ ಫಿಜಿಕ್ಸ್ ಲೆಕ್ಚರರ್ ಆದೆ. ಅಣ್ಣ ಕೈ ಸಡಿಲ ಇರುವ ಮನುಷ್ಯ. ಅಂಗಡಿಗೆ ಬಂದ ರೈತರನ್ನು ಉಣ್ಣದೆ ಕಳಿಸುವುದಿಲ್ಲ. ಭಾಗ್ಯಳ ಓದಿನ ಸಾಲಕ್ಕೆ ಬ್ಯಾಂಕಿನಲ್ಲಿ ಜಾಮೀನು ನಿಂತವನೂ ಅವನೇ.

ಮತ್ತೊಂದು ವಿಷಯ. ಈ ಅಂಕಣದ ಬಹಳ ದೊಡ್ಡ ಅಭಿಮಾನಿಯೂ ಅವನೇ. ಖೇಡದ ಆ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆಯೆಲ್ಲ ತೆಲುಗು. ಮಾತಾಡುತ್ತಾರೆ, ಆದರೆ ನಮ್ಮ ಅಕ್ಷರ ಓದಲು ಬರುವುದಿಲ್ಲ. ನಮ್ಮಿಬ್ಬರಿಗೆ ಅಪ್ಪ ಮನೆಯಲ್ಲೇ ಕಲಿಸಿದ್ದ. ಹಾಗಾಗಿ ಪ್ರತಿ ವಾರ ಪೇಪರ್ ಬಂದ ಕೂಡಲೇ ಅಣ್ಣ ಗಾದಿಯ ಮೇಲೆ ಕೂತು ನನ್ನ ಅಂಕಣವನ್ನು ಗಟ್ಟಿಯಾಗಿ ಓದುತ್ತಾನೆ. ತೂಕಕ್ಕೆ ಕಾದು ಕೂತ ರೈತರು ಕೇಳುತ್ತಾರೆ. "ನಮ್ಮ ತಮ್ಮ ಬರದಿದ್ದು" ಅಂತ ನಡುನಡುವೆ ನೆನಪಿಸುತ್ತಾನೆ.

ನಮ್ಮಲ್ಲಿ ಯಾರೇ ದೂರ ಪ್ರಯಾಣ ಹೊರಟರೂ ಹಿರಿಯರ ಮನೆಯ ಹೊಸ್ತಿಲಿಂದಲೇ ಹೊರಡಬೇಕು. ಹೀಗಾಗಿ ವಿಮಾನದ ಹಿಂದಿನ ದಿನ ಎರಡೂ ಸೂಟ್‌ಕೇಸನ್ನು ಕಾರಿನಲ್ಲಿ ಹಾಕಿಕೊಂಡು ಖೇಡಕ್ಕೆ ಹೋದೆವು. ಅತ್ತಿಗೆ ಭಾಗ್ಯಳಿಗೆ ಉಡಿ ತುಂಬಿದರು. ಆಮೇಲೆ ಎಲ್ಲರೂ ಮೆರವಣಿಗೆಯಂತೆ ಪಕ್ಕದ ಅಂಗಡಿಗೆ ನಡೆದೆವು.

ಅಂಗಡಿಯಲ್ಲಿ ಈಗಲೂ ಅಪ್ಪನ ಕಾಲದ ಕಬ್ಬಿಣದ ಕಾಂಟಾ. ಕೆಳಗೆ ಚೀಲ ಇಡುವ ಹಲಗೆ, ಮೇಲೆ ಅಡ್ಡ ಕೋಲು, ಕೋಲಿನ ತುದಿಗೆ ತೂಕದ ಗುಂಡು ಇಡುವ ಸಣ್ಣ ತಟ್ಟೆ. ಎಲೆಕ್ಟ್ರಾನಿಕ್ ಬಂದರೂ ಅಣ್ಣ ಇದನ್ನು ಬಿಟ್ಟಿಲ್ಲ. "ಇದಕ್ಕ ಕರೆಂಟ್ ಬ್ಯಾಡ, ಬ್ಯಾಟರಿ ಬ್ಯಾಡ" ಅನ್ನುತ್ತಾನೆ. ದೀಪಾವಳಿಗೆ ಈಬತ್ತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆಯುತ್ತಾನೆ.

ಹಮಾಲ ಮಹಬೂಬಣ್ಣ ಮೊದಲ ಸೂಟ್‌ಕೇಸು ಎತ್ತಿಟ್ಟು "ಲಾಭ" ಅಂದ. ನಮ್ಮ ಅಡತಿಗಳಲ್ಲಿ ಮೊದಲ ತೂಕಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಎಣಿಕೆ ಎರಡರಿಂದ. ಭಾಗ್ಯ ನಕ್ಕು, ಸೂಟ್‌ಕೇಸಿಗೆ ಹೆಸರಿಟ್ಟ ಹಾಗಾಯಿತು ಅಂತ ಫೋಟೋ ತೆಗೆದುಕೊಂಡಳು.

"ಇಪ್ಪತ್ತೊಂದೇ ಅದ. ಇನ್ನ ಎರಡು ಕಿಲೋ ಜಾಗಾ ಅದ" ಅಂದ ಅಣ್ಣ. ಕೂಡಲೇ ಒಳಗಿಂದ ಗೋಡಂಬಿ, ಬಾದಾಮಿ, ಉತ್ತುತ್ತಿ ತರಿಸಿ ತುಂಬಿದ. ಎರಡನೆಯದೂ ಸ್ವಲ್ಪ ಕಡಿಮೆ ಬಂತು. ಆಗ ಅಲ್ಲೇ ಕೂತಿದ್ದ ಸಂಗಮ್ಮ ಎದ್ದು ಬಂದರು. ಹತ್ತಿರದ ಹಳ್ಳಿಯ ರೈತ ಹೆಂಗಸು. ಸಂಗಮ್ಮನ ಅತ್ತೆಯ ಕಾಲದಿಂದಲೂ ಅವರ ತೊಗರಿ ನಮ್ಮ ಅಂಗಡಿಗೇ ಬರುತ್ತದೆ. ಭಾಗ್ಯ ಹೋಗುವ ಸುದ್ದಿ ಕೇಳಿ ಒಂದು ಬಟ್ಟೆಯ ಚೀಲದಲ್ಲಿ ಬೇಳೆ ತಂದಿದ್ದರು.

"ನಮ್ಮ ಹೊಲದ್ದ ಅದ ಯವ್ವಾ. ಮನ್ಯಾಗ ನಾನೇ ಬೀಸೀನಿ. ಅಲ್ಲಿ ಕುದಿಸ್ಕೊಂಡು ಉಣ್ಣು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ವಜನ ಆಗ್ತದೇನ್ರಿ? ಆದ್ರ ತಗದುಬಿಡ್ರಿ."

ತೂಗಿ ನೋಡಿದರೆ ಇಪ್ಪತ್ಮೂರಕ್ಕೆ ಬಂದು ನಿಂತಿತು. "ಬರೋಬ್ಬರಿ. ಗುಂಜಿ ಹೆಚ್ಚಿಲ್ಲ, ಗುಂಜಿ ಕಡಿಮಿ ಇಲ್ಲ" ಅಂದ ಅಣ್ಣ. ಸಂಗಮ್ಮನಿಗೆ ಸಮಾಧಾನವಾಯಿತು. "ಸಾವ್ಕಾರ್ರು ತೂಗ್ಯಾರಂದ್ರ ಇನ್ನ ಯಾರ ಕೇಳ್ತಾರ" ಅಂದರು. ಹೆಂಡತಿ ತುಂಬಲೆಂದು ಕೈಯಲ್ಲಿ ಹಿಡಿದಿದ್ದ ತಾಂಡೂರಿನ ಬೇಳೆಯನ್ನು ಸದ್ದಿಲ್ಲದೆ ಕಾರಿಗೆ ವಾಪಸ್ ಹಾಕಿದಳು.

ಖುಷಿಯಲ್ಲಿ ನಾನೂ ಕಾಂಟಾ ಹತ್ತಿದೆ. ಎಪ್ಪತ್ತು ಕಿಲೋ. ಅದರ ಹಿಂದಿನ ತಿಂಗಳು ಡಾಕ್ಟರ ಬಳಿ ಎಪ್ಪತ್ತೆರಡು ಇದ್ದೆ. ಬೆಳಗಿನ ವಾಕಿಂಗ್ ಕೊನೆಗೂ ಫಲ ಕೊಟ್ಟಿತು ಅಂತ ದಾರಿಯುದ್ದಕ್ಕೂ ಹೇಳಿಕೊಂಡೆ. ಹೆಂಡತಿ ಕಾರಿನ ಕಿಟಕಿ ಕಡೆ ಮುಖ ಮಾಡಿ ಕೇಳಿಸಿಕೊಂಡಳು.

ಈಗ ಹೈದರಾಬಾದಿನ ಏರ್‌ಪೋರ್ಟಿಗೆ ಬರೋಣ.

ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಬಾಗಿಲ ಹೊರಗೇ ಒಂದು ತೂಕದ ಮೆಷಿನ್ ಇತ್ತು. ಸುಮ್ಮನೆ ಒಮ್ಮೆ ನೋಡಿಬಿಡೋಣ ಅಂತ ಭಾಗ್ಯ ಸೂಟ್‌ಕೇಸು ಇಟ್ಟಳು. ಇಪ್ಪತ್ತೈದು ತೋರಿಸಿತು. ಇನ್ನೊಂದು ಇಟ್ಟಳು. ಅದೂ ಇಪ್ಪತ್ತೈದು.

ಪಕ್ಕದಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದ ಹುಡುಗಿ ಬಂದು, ಸರ್, ಎರಡರಲ್ಲೂ ಜಾಸ್ತಿ ಇದೆ, ಇಲ್ಲೇ ತೆಗೆದುಬಿಡಿ, ಒಳಗೆ ಹೋದರೆ ನಿಮಗೇ ತೊಂದರೆ ಅಂತ ತೆಲುಗಿನಲ್ಲಿ ಹೇಳಿದಳು. ಮೃದುವಾಗಿಯೇ ಹೇಳಿದಳು.

ನಾನೇನು ಹೇಳಿದೆ ಗೊತ್ತೇ? "ನಿಮ್ಮ ಮೆಷಿನ್ ಸರಿ ಇಲ್ಲ" ಅಂದೆ. ನಿನ್ನೆ ತಾನೇ ತೂಗಿಸಿದ್ದೇವೆ ಅಂದೆ. ನಮ್ಮದು ಮನೆತನದ ವ್ಯಾಪಾರ, ತೂಕ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಡಿ ಅಂದೆ. ಅಷ್ಟಕ್ಕೆ ಬಿಡಲಿಲ್ಲ. ನಾನು ಫಿಜಿಕ್ಸ್ ಲೆಕ್ಚರರ್ ಅಂತ ಇಂಗ್ಲಿಷಿನಲ್ಲಿ ಹೇಳಿದೆ. (ಸಿಟ್ಟು ಬಂದಾಗ ನಮಗೆಲ್ಲ ಇಂಗ್ಲಿಷ್ ಯಾಕೆ ಬರುತ್ತದೋ.) ಟ್ರಾಲಿ ತಳ್ಳಿಕೊಂಡು ಇನ್ನೊಂದು ಗೇಟಿನ ಮೆಷಿನ್‌ಗೆ ಹೋದೆ. ಅಲ್ಲೂ ಅಷ್ಟೇ. ಎರಡೂ ಕೆಟ್ಟಿವೆ ಅಂತ ತೀರ್ಪು ಕೊಟ್ಟೆ.

ಸಾಬೀತು ಮಾಡಬೇಕಲ್ಲ? ಮತ್ತೆ ಆ ಹುಡುಗಿಯ ಬಳಿಗೇ ಬಂದು, ಚಪ್ಪಲಿ ಬಿಟ್ಟು ನಾನೇ ಮೆಷಿನ್ ಹತ್ತಿ ನಿಂತೆ. ನೋಡಮ್ಮಾ, ನಿನ್ನೆ ನನ್ನ ತೂಕ ಎಪ್ಪತ್ತು ಇತ್ತು, ನಿನ್ನ ಮೆಷಿನ್ ಏನು ತೋರಿಸುತ್ತದೆ ಓದು ಅಂದೆ. ಆಕೆ ಓದಿದಳು. ಎಪ್ಪತ್ತೆರಡು. ಟ್ರಾಲಿ ಹಿಡಿದು ನಿಂತಿದ್ದ ಯಾರೋ ನಕ್ಕರು.

"ಅಪ್ಪಾ, ಇಳೀರಿ" ಅಂದಳು ಭಾಗ್ಯ.

"ಇರು, ಇವ್ರಿಗೆ ಜರಾ ಬುದ್ಧಿ ಹೇಳಬೇಕು."

"ಇಳೀರಿ ಅಪ್ಪಾ." ಹತ್ತಿರ ಬಂದು ದನಿ ತಗ್ಗಿಸಿದಳು. "ಎರಡು ಸೂಟ್‌ಕೇಸು, ನೀವು, ಮೂರರಾಗೂ ಫರಕ್ ಒಂದೇ ಅದ. ಎರಡೆರಡು ಕಿಲೋ. ಎರಡು ಮೆಷಿನ್ ಒಂದೇ ಥರಾ ಕೆಡ್ತಾವೇನ್ರಿ?"

ಪ್ರತಿ ವರ್ಷ ಕಾಲೇಜಿನಲ್ಲಿ ನಾನು ಹೇಳುವ ಮೊದಲ ಪಾಠಗಳಲ್ಲೊಂದು ಝೀರೋ ಎರರ್. ಖಾಲಿ ಇದ್ದಾಗಲೇ ಮಾಪಕ ಸೊನ್ನೆಯ ಮೇಲೆ ನಿಂತಿರದಿದ್ದರೆ, ನೀವು ಏನನ್ನೇ ಅಳೆಯಿರಿ, ಅಷ್ಟೇ ತಪ್ಪು ಬಂದು ಸೇರುತ್ತದೆ. ಸೂಟ್‌ಕೇಸು ಇಡಿ, ಮನುಷ್ಯನನ್ನು ನಿಲ್ಲಿಸಿ, ತೊಗರಿ ಚೀಲ ಇಡಿ. ತಪ್ಪು ಅಷ್ಟೇ ಇರುತ್ತದೆ. ಮಕ್ಕಳಿಗೆ ಇದು ಅರ್ಥವಾಗದಿದ್ದರೆ ನಾನು ರೇಗುತ್ತೇನೆ. ಆ ದಿನ ಆ ಬಾಗಿಲ ಬಳಿ ಇದನ್ನು ಕೊನೆಗೆ ಅರ್ಥಮಾಡಿಕೊಂಡವನು ನಾನೇ. ಹೆಂಡತಿಯೂ ನನಗಿಂತ ಮೊದಲೇ ತಿಳಿದುಕೊಂಡಿದ್ದಳು ಅನ್ನುವುದು ಆಕೆಯ ಮುಖದಲ್ಲೇ ಕಾಣುತ್ತಿತ್ತು.

"ದೊಡ್ಡಪ್ಪನ ಕಾಂಟಾದ ಮ್ಯಾಲೆ ಚೀಲಕ್ಕ ಎರಡು ಕಿಲೋ ಕಡಿಮಿ" ಅಂದಳು ಭಾಗ್ಯ. ಕೇಳುವ ಧಾಟಿಯಲ್ಲಿ ಅಲ್ಲ.

"ಈಗ ಅದೆಲ್ಲ ಯಾಕ? ಹೊತ್ತಾಗ್ತದ, ನಡಿ" ಅಂದೆ.

ಭಾಗ್ಯ ಆ ಹುಡುಗಿಯ ಹತ್ತಿರ ಹೋಗಿ ಸಾರಿ ಕೇಳಿದಳು. ಕೇಳಬೇಕಾದವನು ನಾನು. ನಾನು ಮೊಬೈಲ್ ನೋಡುತ್ತ ನಿಂತಿದ್ದೆ. ಮೊಬೈಲಿನಲ್ಲಿ ಏನೂ ಇರಲಿಲ್ಲ.

ಆಮೇಲೆ ನೆಲದ ಮೇಲೆ ಕೂತು ಸೂಟ್‌ಕೇಸು ಬಿಚ್ಚಿದೆವು. ಬೇಗ ಮುಗಿಯಲಿ ಅಂತ ನಾನು ಮೊದಲು ಕೈ ಹಾಕಿದ್ದು ಸಂಗಮ್ಮನ ಬೇಳೆಗೆ. ಬೇಳೆ ಎಲ್ಲಿ ಬೇಕಾದರೂ ಸಿಗುತ್ತದೆ ಅಂದೆ. ಭಾಗ್ಯ ನನ್ನ ಕೈಯಿಂದ ಆ ಚೀಲ ತೆಗೆದುಕೊಂಡು ವಾಪಸ್ ಇಟ್ಟಳು. ಆ ಸೂಟ್‌ಕೇಸಿನಿಂದ ಕುಕ್ಕರ್ ತೆಗೆದಳು. ಇನ್ನೊಂದರಿಂದ ದೊಡ್ಡಪ್ಪ ಕೊಟ್ಟ ಗೋಡಂಬಿ, ಬಾದಾಮಿ, ಉತ್ತುತ್ತಿ ಅಷ್ಟನ್ನೂ ತೆಗೆದು ತಾಯಿಯ ಕೈಗೆ ಕೊಟ್ಟಳು. ಬಾಗಿ ನಮ್ಮ ಕಾಲು ಮುಟ್ಟಿದಳು. ಒಳಗೆ ಹೋದಳು.

ಮಗಳನ್ನು ಕಳಿಸುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ. ನನಗೆ ಬಂದದ್ದು ನಾಚಿಕೆ. ಹೆಂಡತಿ ಜಹೀರಾಬಾದಿನವರೆಗೂ ಕುಕ್ಕರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಮುಂದಿನ ಭಾನುವಾರ ಖೇಡಕ್ಕೆ ಹೋದೆ. "ಕೂಸು ಆರಾಮ ಮುಟ್ಟಿತೇನು?" ಅಂದ ಅಣ್ಣ. ಮುಟ್ಟಿತು, ಆದರೆ ಸೂಟ್‌ಕೇಸಿನ ತೂಕ ಹೆಚ್ಚಾಯಿತು, ಒಂದೊಂದರಲ್ಲಿ ಎರಡು ಕಿಲೋ ಅಂದೆ. ಅಣ್ಣ ಹಣೆ ಬಡಿದುಕೊಂಡ.

"ಹೌದಲ್ಲೋ. ನನ್ನ ತಲ್ಯಾಗ ಬರಲೇ ಇಲ್ಲ ನೋಡು."

ಎದ್ದು ಹೋಗಿ ಕಾಂಟಾದ ಗುಂಡಿನ ತಟ್ಟೆಯನ್ನು ಬೆರಳಿನಿಂದ ಮೇಲೆತ್ತಿ ತೋರಿಸಿದ. ತಟ್ಟೆಯ ಕೆಳಗೆ ಒಂದು ಸೀಸದ ಬಿಲ್ಲೆ ಅಂಟಿಕೊಂಡಿತ್ತು. ಎಷ್ಟು ಹಳೆಯದು ಅಂದರೆ ತಟ್ಟೆಯ ಬಣ್ಣವೇ ಅದಕ್ಕೂ ಬಂದಿತ್ತು. ಆ ಕಡೆ ಅಷ್ಟು ಭಾರ ಇದ್ದರೆ ಈ ಕಡೆ ಚೀಲ ಎರಡು ಕಿಲೋ ಹಗುರ ತೂಗುತ್ತದೆ.

"ಅಪ್ಪನ ಕಾಲದ್ದು" ಅಂದ. "ಚೀಲದ ವಜನ, ಧೂಳು, ಹಸಿ ಎಲ್ಲಾ ಸೇರಿ ತರುಗು ಅಂತ ತೂಕದಾಗ ಕಡಿಮಿ ಹಿಡೀತಾರಲ್ಲ, ಅದು. ಬಾಕಿ ಮಂದಿ ಬಾಯಿಲೆ ಹೇಳಿ ಕಡೀತಾರ, ರೈತರ ಕೂಡ ಜಗಳಾ ಮಾಡ್ತಾರ. ನಮ್ಮದು ಕಾಂಟಾದಾಗೇ ಹೋಗ್ತದ. ತಂಟೆ ಇಲ್ಲ, ತಕರಾರ ಇಲ್ಲ."

"ಇದು ಸಂಗಮ್ಮಗ ಗೊತ್ತದೇನು?"

ಅಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೂ ಅನುಕೂಲವಾಗುತ್ತಿತ್ತು. "ನಿನಗ ಗೊತ್ತಿತ್ತೇನು?" ಅಂದ. "ಹೈದರಾಬಾದದಾಗ ಕೂತು ಎಂ.ಎಸ್ಸಿ. ಓದಿದಿ. ಯಾವ ರೊಕ್ಕದಾಗ ಓದೀನಿ ಅಂತ ಒಂದ ದಿನಾರ ಕೇಳಿದ್ದಿ ಏನು?"

ಕೇಳಿರಲಿಲ್ಲ. ಯಾಕೆ ಕೇಳಬೇಕು? ನಾನು ಓದಿನಲ್ಲಿ ಮುಂದು, ಅಣ್ಣ ವ್ಯಾಪಾರದಲ್ಲಿ ಮುಂದು ಅಂದುಕೊಂಡು ಬೆಳೆದವರು ನಾವು.

ಆ ದಿನದಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ಅಣ್ಣ ಮೋಸ ಮಾಡಬೇಕು ಅಂತ ಕೂತ ಮನುಷ್ಯನಲ್ಲ. ಸಂಗಮ್ಮನ ಗಂಡ ಆಸ್ಪತ್ರೆಯಲ್ಲಿದ್ದಾಗ ತನ್ನ ಕಾರು ಕಳಿಸಿದವನು. ಸುಳ್ಳು ಎಷ್ಟು ಹಳೆಯದಾಗಿತ್ತು ಅಂದರೆ ಅದನ್ನು ಇಟ್ಟುಕೊಂಡವನಿಗೇ ಮರೆತುಹೋಗಿತ್ತು. ನೆನಪಿದ್ದಿದ್ದರೆ ತಮ್ಮನ ಮುದ್ದಿನ ಮಗಳ ಸೂಟ್‌ಕೇಸನ್ನು ಅದರ ಮೇಲೆ ಇಡುತ್ತಿದ್ದನೇ? ಬರೋಬ್ಬರಿ ಅಂತ ಬಾಯಿ ತುಂಬ ಹೇಳುತ್ತಿದ್ದನೇ? ಪೂಜೆ ಮಾಡಿ ಮಾಡಿ ಆ ಕಾಂಟಾ ಅವನಿಗೂ ಸತ್ಯವೇ ಆಗಿಬಿಟ್ಟಿತ್ತು. ನಮ್ಮ ನಿಮ್ಮ ಮನೆಗಳಲ್ಲಿ ಹೀಗೆ ಪೂಜೆಗೆ ಕೂತದ್ದು ಇನ್ನೂ ಏನೇನಿದೆಯೋ.

ಹೋದ ವರ್ಷ ಪೆಟ್ರೋಲ್ ಬಂಕುಗಳ ಅಳತೆಯ ಬಗ್ಗೆ ಇಲ್ಲೇ ಬರೆದಿದ್ದೆ, ನೆನಪಿದೆಯೇ? ಜನರ ಕಣ್ಣೆದುರಿಗೇ ಕದಿಯುತ್ತಾರೆ ಅಂತ ಹರಿಹಾಯ್ದಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿ ಶಭಾಷ್ ಅಂದಿರಿ. ಆ ವಾರವೂ ಅಣ್ಣ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ್ದ. ರೈತರೆಲ್ಲ ತಲೆದೂಗಿದರಂತೆ, ಆ ಕಾಂಟಾದ ಪಕ್ಕದಲ್ಲೇ ಕೂತು. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾನುವಾರ ಸಂಜೆ ಭಾಗ್ಯ ವಿಡಿಯೋ ಕಾಲ್ ಮಾಡುತ್ತಾಳೆ. ಕುಕ್ಕರ್ ಇಲ್ಲದ್ದಕ್ಕೆ ಬೇಳೆಯನ್ನು ಪಾತ್ರೆಯಲ್ಲೇ ಕುದಿಸುತ್ತಾಳಂತೆ. ಬಹಳ ಹೊತ್ತು ಹಿಡಿಯುತ್ತದಂತೆ, ರುಚಿ ಮಾತ್ರ ಮನೆಯದೇ ಅಂತೆ. ಸೀಸದ ಬಿಲ್ಲೆಯ ವಿಷಯ ಅವಳಿಗೆ ಹೇಳಿದ್ದೆ. ಮೊದಮೊದಲು ತಪ್ಪದೆ ಕೇಳುತ್ತಿದ್ದಳು.

"ಅಪ್ಪಾ, ದೊಡ್ಡಪ್ಪಗ ಹೇಳಿದ್ರೇನ್ರಿ?"

"ಹೇಳೀನಿ."

"ಆ ಬಿಲ್ಲಿ ತಗದ್ರೇನು?"

"ಹಲೋ... ಹಲೋ... ನಿನ್ನ ದನಿ ಕಟ್ ಆಗಾಕತ್ತದ."

ದನಿ ಚೆನ್ನಾಗಿಯೇ ಕೇಳುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿಗೂ ಕೇಳುತ್ತಿತ್ತು. ನಾನು ಏನು ಮಾಡಲಿ? ಜಾಮೀನು ನಿಂತ ಅಣ್ಣನಿಗೆ ಎರಡನೇ ಸಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಈಗ ಕೆಲವು ವಾರಗಳಿಂದ ಭಾಗ್ಯ ಕೇಳುವುದನ್ನೇ ಬಿಟ್ಟಿದ್ದಾಳೆ. ಊಟ ಆಯಿತಾ, ಬಿ.ಪಿ. ಮಾತ್ರೆ ತಗೊಂಡಿರಾ ಅಂತ ಕೇಳಿ ಫೋನ್ ತಾಯಿಗೆ ಕೊಡಲು ಹೇಳುತ್ತಾಳೆ. ಕೇಳುತ್ತಿದ್ದಾಗಲೇ ಎಷ್ಟೋ ವಾಸಿಯಾಗಿತ್ತು.

ಸಂಕ್ರಾಂತಿ ಮುಗಿಯಿತು. ಖೇಡದ ಬಜಾರಿಗೆ ಹೊಸ ತೊಗರಿ ಬರತೊಡಗಿದೆ. ಹೋದ ವಾರ ಯಾವುದೋ ಕೆಲಸಕ್ಕೆ ಹೋದವನು ಅಂಗಡಿಗೂ ಹೋದೆ. ಸಂಗಮ್ಮನ ಚೀಲಗಳು ಕಾಂಟಾದ ಮುಂದೆ ಸಾಲಾಗಿ ನಿಂತಿದ್ದವು.

"ತಂಗಿ ಆರಾಮ ಇದ್ದಾಳೇನ್ರಿ? ಬ್ಯಾಳಿ ಕುದೀತೇನ್ರಿ ಆ ದೇಶದಾಗ?" ಅಂದರು.

"ಛಲೋ ಕುದ್ದದ್ರಿ" ಅಂದೆ.

ಮಹಬೂಬಣ್ಣ ಮೊದಲ ಚೀಲ ಎತ್ತಿಟ್ಟು "ಲಾಭ" ಅಂದ. ನಾನು ಗುಂಡಿನ ತಟ್ಟೆ ನೋಡಿದೆ. ಅಣ್ಣ ನನ್ನನ್ನು ನೋಡಿದ. ಸಂಗಮ್ಮ ಇಬ್ಬರನ್ನೂ ನೋಡಿ ನಕ್ಕರು. ಅಷ್ಟರಲ್ಲಿ ಚಹಾ ಬಂತು. ನಾನು ಚಹಾ ಕುಡಿದೆ. ಕೊನೆಯ ಚೀಲ ಇಳಿಯುವವರೆಗೂ ಅಲ್ಲೇ ನಿಂತಿದ್ದೆ.

ಮಾತಿನಲ್ಲಿ ಹೇಳಲಾಗದ್ದನ್ನು ಈಗ ಬರೆದಿದ್ದೇನೆ. ಬರೆದು ಮುಗಿಸಿದಾಗ ಎದೆ ಸ್ವಲ್ಪ ಹಗುರವಾದ ಹಾಗನ್ನಿಸಿತು. ಹಾಗನ್ನಿಸಿದ್ದಕ್ಕೂ ನಾಚಿಕೆಯಾಯಿತು. ಯಾಕೆಂದರೆ ನೀವು ಓದುತ್ತೀರಿ, ಭಾಗ್ಯ ಅಲ್ಲಿ ಮೊಬೈಲಿನಲ್ಲಿ ಓದುತ್ತಾಳೆ. ಓದಬೇಕಾದ ಸಂಗಮ್ಮನಿಗೆ ಈ ಅಕ್ಷರ ಬರುವುದಿಲ್ಲ.

ಇವತ್ತು ಮಧ್ಯಾಹ್ನದ ಬಸ್ಸಿಗೆ ಪೇಪರಿನ ಕಟ್ಟು ಜಹೀರಾಬಾದಿನಿಂದ ಖೇಡಕ್ಕೆ ಹೋಗುತ್ತದೆ. ಅಣ್ಣ ಗಾದಿಯ ಮೇಲೆ ಕೂತು, ಕನ್ನಡಕ ಏರಿಸಿ, ನನ್ನ ಅಂಕಣದ ಪುಟ ತೆರೆಯುತ್ತಾನೆ. ಎದುರಿಗೆ ರೈತರು ಕೂತಿರುತ್ತಾರೆ. ಶೀರ್ಷಿಕೆ ನೋಡಿದ ಮೇಲೆ ಅವನು ಪೇಪರ್ ಮಡಚಿಟ್ಟುಬಿಟ್ಟರೆ, ಅವರಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕಾದವರು ಇನ್ಯಾರು?